ಕೋಟೆಯ ನೆಲದ ಹುಳಿ

ಬೊಂಬಾಯಿಯಿಂದ ಹಡಗು ಹೊರಟಾಗ ಎಲ್ಲರೂ ಕಡಲು ನೋಡುತ್ತಿದ್ದರು. ನಾನು ನನ್ನ ಗಂಟು ನೋಡುತ್ತಿದ್ದೆ. ಅದರಲ್ಲಿ ಮುರುಗಲ ಹುಳಿ ಇತ್ತು. ಕಡಲ ಕಡೆ ಬೆಳೆಯುವ ಒಂದು ಹಣ್ಣಿನ ಸಿಪ್ಪೆ ಅದು. ಉಪ್ಪು ಹಾಕಿ ಒಣಗಿಸಿದರೆ ಕರ್ರಗೆ ಹಳೇ ಚಪ್ಪಲಿ ಚೂರಿನ ಹಾಗೆ ಆಗುತ್ತದೆ.

ಮೈಸೂರಿನಲ್ಲಿ ನನ್ನ ಮಗಳು ಸಾಕಮ್ಮ ಬಸುರಿ. ತಿಂದದ್ದು ಒಂದೂ ಒಳಗೆ ನಿಲ್ಲುತ್ತಿರಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಪಕ್ಕದ ಮನೆಗೆ ಬೊಂಬಾಯಿ ಕಡೆಯಿಂದ ಬಂದಿದ್ದ ಸೊಸೆ ಈ ಹುಳಿಯ ಸಾರು ಮಾಡಿಕೊಟ್ಟಳು. ಅದು ಮಾತ್ರ ನಿಂತಿತು. ಅವಳ ಹತ್ತಿರ ಇದ್ದದ್ದು ಮುಗಿದ ಮೇಲೆ ನಾನು ದೇವರಾಜ ಮಾರುಕಟ್ಟೆಯಲ್ಲಿ ಅಂಗಡಿ ಅಂಗಡಿಗೂ ಕೇಳಿದೆ. "ಹುಣಸೆಹಣ್ಣು ತಕೊಂಡೋಗಮ್ಮ" ಅಂದರು. ಹುಣಸೆಹಣ್ಣು ಮೂಸಿದರೇ ಅವಳಿಗೆ ವಾಂತಿ.

ಅದೇ ಹೊತ್ತಿಗೆ ನನ್ನ ಓರಗಿತ್ತಿ ಪುಟ್ಟತಾಯಿ ಬೊಂಬಾಯಿಯಲ್ಲಿರುವ ಮಗನನ್ನು ನೋಡಲು ಹೊರಟಳು. ನಾನೂ ಹೊರಟೆ. ಅವಳು ಮಗನಿಗಾಗಿ, ನಾನು ಹುಳಿಗಾಗಿ. ಅವನಿಗೆ ಹಡಗುಕಟ್ಟೆಯಲ್ಲಿ ಕೆಲಸ. ವಾಪಸು ಬರುವಾಗ ಮಂಗಳೂರಿನ ಹಡಗಿಗೆ ಹತ್ತಿಸಿದ, ರೈಲಿಗಿಂತ ಅಗ್ಗ ಅಂದ. ಆಗಿನ್ನೂ ಮಂಗಳೂರು ಮದರಾಸಿಗೆ ಸೇರಿತ್ತು.

ನಮ್ಮದು ಡೆಕ್ಕಿನ ಟಿಕೇಟು. ಕೆಳಗೆ ಚಾಪೆ, ಮೇಲೆ ಒಂದು ಟಾರ್ಪಾಲು, ಸುತ್ತ ಜನ, ಕೋಳಿ ಬುಟ್ಟಿ, ಆಡು. ಬುತ್ತಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಪುಟ್ಟತಾಯಿ ಮಗ ಕೊಡಿಸಿದ ಹೊಸ ನೀಲಿ ಸೀರೆ ಉಟ್ಟು, ಸೆರಗನ್ನು ಗಾಳಿಗೆ ಬಿಟ್ಟುಕೊಂಡು ಕೂತಿದ್ದಳು. ಉಪ್ಪುನೀರು ತಾಗಿದರೆ ಬಣ್ಣ ಹೋಗುತ್ತದೆ ಅಂದೆ. "ಹೊಟ್ಟೆಕಿಚ್ಚು ಕಣಕ್ಕ ನಿಂಗೆ" ಅಂದಳು. ಇದ್ದರೂ ಇರಬಹುದು.

ಮಾರನೇ ಬೆಳಿಗ್ಗೆ ನನಗೆ ತಲೆಸುತ್ತು ಬಂತು. ಗಂಟು ನೋಡಿಕೋ ಎಂದು ಅವಳಿಗೆ ಹೇಳಿ ಮಲಗಿದೆ. ಎದ್ದಾಗ ಪಕ್ಕದಲ್ಲಿ ಆಡು ನಿಂತು ಬಾಯಾಡಿಸುತ್ತಿತ್ತು. ಗಂಟಿನ ಬಟ್ಟೆ ಅರ್ಧ ಉಳಿದಿತ್ತು. ಅದಕ್ಕೆ ಅಂಟಿಕೊಂಡು ಒಂದೇ ಒಂದು ಸಿಪ್ಪೆ.

"ಕಣ್ಣೆಲ್ಲಿ ಮಡಗಿದ್ದೆ?"

"ಅಗೋ, ಅಲ್ಲೊಂದು ಕ್ವಾಟೆ ಕಾಣ್ತಿತ್ತು ಕಣಕ್ಕ. ಅದ್ನೇ ನೋಡ್ತಾ ಕುಂತ್ಬುಟ್ಟೆ."

ಆಡಿನ ಯಜಮಾನ ಕೈಮುಗಿದ. ಪುಟ್ಟತಾಯಿ ಅದನ್ನೂ ಮಾಡಲಿಲ್ಲ. ನಾನು ಆ ಸಿಪ್ಪೆಯನ್ನು ಉಳಿದ ಬಟ್ಟೆಯಲ್ಲೇ ಸುತ್ತಿ ಮಡಿಲಿಗೆ ಹಾಕಿಕೊಂಡೆ.

ಹಡಗು ಆ ಕೋಟೆಯ ಕೆಳಗೇ ನಿಂತಿತು. ಸಣ್ಣ ಬಂದರು. ನೀರು ಏರುವ ತನಕ ಮುಂದೆ ಹೋಗುವುದಿಲ್ಲ, ಬೇಕಾದವರು ದೋಣಿಯಲ್ಲಿ ದಡಕ್ಕೆ ಹೋಗಿ ಬನ್ನಿ, ಹಡಗಿನ ಕೂಗು ಕೇಳಿದ ಕೂಡಲೇ ತಿರುಗಿ ಬನ್ನಿ ಎಂದು ಹಡಗಿನವನು ಹೇಳಿದ. ದೋಣಿಗೆ ತಲೆಗೆ ಎರಡಾಣೆ. ದಡದಲ್ಲಿ ದಾರಿ ಎರಡಾಗಿತ್ತು, ಒಂದು ಗುಡ್ಡದ ಮೇಲಿನ ಪಾಳು ಕೋಟೆಗೆ, ಒಂದು ಪೇಟೆಗೆ. ಹಡಗಿನವರೆಲ್ಲ ಕೋಟೆ ಕಡೆ ನಡೆದರು.

"ಬಾರಕ್ಕ, ರಾಜರು ಇದ್ದ ಜಾಗ ಅಂತೆ. ಇನ್ನೊಂದ್ಸಲ ಬತ್ತೀವಾ?"

"ರಾಜ ಸತ್ತು ಮಣ್ಣಾಗವ್ನೆ. ನನ್ ಮಗ್ಳು ಬದುಕವ್ಳೆ. ನಾನು ಪ್ಯಾಟೆಗೆ ಹೋಯ್ತೀನಿ."

"ಮೈಸೂರಲ್ಲಿ ಅರಮನೆ ಮಗ್ಗುಲಲ್ಲೇ ಇದ್ಕಂಡು ಒಂದಿನ ಒಳಕ್ಕೋಗಿಲ್ಲ ನೀನು."

"ಅರಮನೆಯೋರು ಬಾ ಅಂತ ಕರೆದಿದ್ರಾ?"

ಅವಳು ಮೇಲಕ್ಕೆ ಹೋದಳು, ನಾನು ಕೆಳಕ್ಕೆ.

ಪೇಟೆ ಎಂದರೆ ಒಂದು ಬೀದಿ. ಮೀನು, ತೆಂಗಿನಕಾಯಿ, ಗಾಜಿನ ಬಳೆ. ಬಿಸಿಲು ನೆತ್ತಿ ಸುಡುತ್ತಿತ್ತು. ಅವರ ಭಾಷೆ ನನಗೆ ಬಾರದು. ಮೀನು ಮಾರುವವಳ ಮುಂದೆ ನಿಂತು ಮುಖ ಹುಳ್ಳಗೆ ಮಾಡಿದೆ, ಹೊಟ್ಟೆಯನ್ನು ಕೈಯಲ್ಲಿ ದೊಡ್ಡದಾಗಿ ತೋರಿಸಿದೆ. ಅವಳು ನನ್ನ ನರೆತ ಕೂದಲು ನೋಡಿದಳು, ಹೊಟ್ಟೆ ನೋಡಿದಳು, ಪಕ್ಕದವಳನ್ನು ಕರೆದು ತೋರಿಸಿದಳು. ಇಡೀ ಸಾಲು ನಕ್ಕಿತು. ನನಗೂ ನಗು ಬಂತು. ಆಮೇಲೆ ಬಟ್ಟೆಗೆ ಅಂಟಿದ್ದ ಆ ಒಂದು ಸಿಪ್ಪೆ ತೋರಿಸಿದೆ. "ಓ!" ಎಂದು ಕೈ ಎತ್ತಿ ಕೋಟೆ ಕಡೆ ತೋರಿಸಿದಳು.

ನನ್ನ ಹಣೆಬರಹ ಬೈದುಕೊಂಡು ಗುಡ್ಡ ಹತ್ತಿದೆ. ಬಾಗಿಲು ಬಿದ್ದಿತ್ತು, ಗೋಡೆ ಮೇಲೆ ಆಲ ಬೆಳೆದಿತ್ತು. ಒಳಗೆ ಚಾವಣಿಯಿಲ್ಲದ ಅರಮನೆ. ಅದರ ಕಲ್ಲು ನೆಲವೆಲ್ಲ ಕೆಂಪು. ಯಾರೋ ಕುರಿ ಕಡಿದಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಹುಳಿ ವಾಸನೆ. ಊರಿನ ಹೆಂಗಸರು ಹಸಿ ಮುರುಗಲ ಸಿಪ್ಪೆಗೆ ಉಪ್ಪು, ಹಣ್ಣಿನ ರಸ ಹಚ್ಚಿ ಕಾದ ಕಲ್ಲಿನ ಮೇಲೆ ಹರಡಿದ್ದರು. ಅವರ ನಡುವೆ ಪುಟ್ಟತಾಯಿ, ಮೊಣಕೈವರೆಗೆ ಕೆಂಪಾಗಿ, ಸಿಪ್ಪೆ ತಿರುವಿ ಹಾಕುತ್ತಾ ಕೂತಿದ್ದಳು.

"ಬಂದ್ಯಾ? ಎಲ್ಡು ಸೇರು ಮಾತಾಡಿವ್ನಿ. ಇವಳು ಜಾಸ್ತಿ ಕೇಳ್ತಾವ್ಳೆ, ನೀನು ಸ್ವಲ್ಪ ಬೈಯಿ."

"ಯಾವ ಭಾಷೇಲಿ ಬೈಲೇ?"

"ನಮ್ದರಲ್ಲೇ. ನಾನು ಇಷ್ಟೊತ್ತೂ ನಮ್ದರಲ್ಲೇ ಆಡ್ದೆ, ಅವಳಿಗೆಲ್ಲ ತಿಳೀತು."

ನಾನು ಬೈದೆ. ಹುಳಿಯವಳು ತಿರುಗಿ ಬೈದಳು. ಬೆಲೆ ಕುದುರಿತು. ಅಷ್ಟರಲ್ಲಿ ಹಡಗು ಕೂಗಿತು. ಸಿಪ್ಪೆ ಇನ್ನೂ ಹಸಿ, ನನ್ನ ಬಟ್ಟೆಯಲ್ಲಿ ಆಡು ಕಡಿದ ತೂತು. ಪುಟ್ಟತಾಯಿ ಎದ್ದಳು, ಹೊಸ ನೀಲಿ ಸೀರೆಯ ಸೆರಗು ಹಿಡಿದು ಟರ್ರನೆ ಹರಿದಳು.

"ಬಣ್ಣ ಕೆಡಲ್ವೇನೇ?" ಅಂದೆ.

"ಬಾಯ್ಮುಚ್ಕಂಡು ಗಂಟು ಹಾಕು."

ಗುಡ್ಡ ಇಳಿದು ಓಡಿದೆವು. ಆ ವಯಸ್ಸಿನಲ್ಲಿ ಹೆಂಗಸರು ಹಾಗೆ ಓಡಬಾರದು. ದೋಣಿಯವನು ನಮ್ಮನ್ನು ಮೂಟೆಯ ಹಾಗೆ ಎಳೆದು ಹಾಕಿಕೊಂಡ. ಹಡಗಿನಲ್ಲಿ ಹುಳಿಯನ್ನು ಚಾಪೆಯ ಮೇಲೆ ಹರಡಿ ಒಬ್ಬರಾದ ಮೇಲೊಬ್ಬರು ಕಾದೆವು. ಆಡಿನವನು ಆಡನ್ನು ಇನ್ನೊಂದು ತುದಿಗೆ ಕಟ್ಟಿದ.

ಮಂಗಳೂರಿನಲ್ಲಿ ಇಳಿದು ಬಸ್ಸು ನಿಲ್ಲುವ ಕಡೆಗೆ ಬಂದೆವು. ಎದುರಿನ ಅಂಗಡಿಯಲ್ಲಿ ಅದೇ ಹುಳಿ ಮೂಟೆ ಮೂಟೆ ಬಾಯಿ ತೆರೆದು ಕೂತಿತ್ತು. ಮೈಸೂರಿನಿಂದ ಒಂದು ಹಗಲಿನ ದಾರಿ. ನಾನು ನೋಡಿದೆ, ಅವಳೂ ನೋಡಿದಳು. ಇಬ್ಬರೂ ಬಸ್ಸು ಹತ್ತಿದೆವು. ಮಡಿಕೇರಿಯ ತನಕ ತಡೆದುಕೊಂಡಿದ್ದ ಪುಟ್ಟತಾಯಿ ಅಲ್ಲಿ ಕಾಫಿ ಕುಡಿಯುವಾಗ ಕಿಸಕ್ಕನೆ ನಕ್ಕಳು. ಕಾಫಿ ನನ್ನ ಮೈಮೇಲೆ ಬಿತ್ತು. ಹುಣಸೂರು ದಾಟುವವರೆಗೂ ನಮ್ಮ ನಗು ನಿಲ್ಲಲಿಲ್ಲ. ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಸಂಜೆಗೆ ಮೈಸೂರು. ಜಟಕಾ ಮಾಡಿಕೊಂಡು ಮನೆಗೆ ಹೋದೆವು. ಕಾಲು ತೊಳೆದು ಮೊದಲು ಸಾರಿಗೆ ಇಟ್ಟೆ. ಸಾಕಮ್ಮ ಗೋಡೆಗೆ ಒರಗಿ ಒಂದು ತುತ್ತು ತಿಂದಳು. ನಾವಿಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದೆವು. ಇನ್ನೊಂದು ತುತ್ತು ತಿಂದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿ ಇನ್ನೂ ಹಾಕು ಅಂದಳು. ಬೆಳಗಾದರೂ ಅದು ಒಳಗೇ ಇತ್ತು.

ಪುಟ್ಟತಾಯಿ ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವರಿಗೆಲ್ಲ ಕೋಟೆಯ ಕಥೆ ಹೇಳಿದಳು. ಯಾವ ರಾಜ ಕಟ್ಟಿಸಿದ, ಎಷ್ಟು ಬಾಗಿಲು, ಎಷ್ಟು ಫಿರಂಗಿ, ಎಲ್ಲ.

"ನಿಂಗೆಂಗನ್ನಿಸ್ತವ್ವ ಕ್ವಾಟೆ?" ಎಂದು ಸಾಕಮ್ಮ ನನ್ನನ್ನು ಕೇಳಿದಳು.

"ಚೆನ್ನಾಗದೆ," ಅಂದೆ. "ನೆಲ ಸಮವಾಗದೆ. ಬಿಸ್ಲು ಚೆನ್ನಾಗಿ ಬೀಳ್ತದೆ."