ನಡುವಿನ ಚಿಹ್ನೆ

ಸೆಕೆಂಡ್ ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಹೆಗ್ಗದ್ದೆಯ ಹುಡುಗಿ. ನಾನು ಮಾರನಹಳ್ಳಿಯವಳು. ಸಕಲೇಶಪುರದ ಕಾಲೇಜಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಅವಳದು ಮಾತು ಕಡಿಮೆ, ಲೆಕ್ಕದಲ್ಲಿ ಬಲು ಚುರುಕು.

ವೆಕ್ಟರ್ ಪಾಠದ ಟೆಸ್ಟಿನಲ್ಲಿ ಮೂರು ಬಿಂದುಗಳನ್ನು ಕೊಟ್ಟು ತ್ರಿಭುಜದ ವಿಸ್ತೀರ್ಣ ಕೇಳಿದ್ದರು. ನನಗೆ ಎರಡು ಬಾಹುಗಳ ವೆಕ್ಟರ್ ಬರೆಯುವವರೆಗೆ ಬಂತು. ಮುಂದೆ ಕ್ರಾಸ್ ಪ್ರಾಡಕ್ಟ್ ಮಾಡುವುದು ಮರೆತೇ ಹೋಯಿತು. ಅವಳ ಹಾಳೆ ನೋಡಿ ಇಳಿಸಿಬಿಟ್ಟೆ. ಅವಳಿಗೆ ಗೊತ್ತಾಗಲಿಲ್ಲ.

ಮೂರು ದಿನ ಬಿಟ್ಟು ಲೆಕ್ಚರರ್ ನಮ್ಮಿಬ್ಬರನ್ನು ಎಬ್ಬಿಸಿ ನಿಲ್ಲಿಸಿದರು.

“ಉತ್ತರ ಇಬ್ರದ್ದೂ ಸರಿ ಐತೆ. ಆದ್ರೆ ನಡುವೆ ಪ್ಲಸ್ ಎರಡು ಬರ್ಬೇಕಾದ ಕಡೆ ಇಬ್ರೂ ಮೈನಸ್ ಎರಡು ಬರ್ದಿದ್ದೀರ. ವರ್ಗ ಮಾಡಿದಾಗ ತಪ್ಪು ಮುಚ್ಚೋಗೈತೆ, ಅಷ್ಟೆ. ಇಡೀ ಕ್ಲಾಸಲ್ಲಿ ಈ ತಪ್ಪು ಮಾಡಿರೋದು ನೀವಿಬ್ರೇ. ಯಾರು ಯಾರ್ದನ್ನ ನೋಡಿದ್ದು?”

ಅವಳು ನನ್ನ ಮುಖ ನೋಡಿದಳು. ನಾನು ಡೆಸ್ಕು ನೋಡಿದೆ.

“ಸರಿ, ಬೋರ್ಡ್ ಮೇಲೆ ಮಾಡಿ ತೋರ್ಸಿ.”

ಮೊದಲು ನನ್ನನ್ನು ಕರೆದರು. ಟೆಸ್ಟ್ ಮುಗಿದಂದಿನಿಂದ ಹೆದರಿಕೆಗೆ ಅದೇ ಲೆಕ್ಕವನ್ನು ಪುಸ್ತಕ ಇಟ್ಟುಕೊಂಡು ಹತ್ತಾರು ಸಲ ಮಾಡಿದ್ದೆ. ಕೈ ತಡವರಿಸಲಿಲ್ಲ. ನಡುವಿನ ಚಿಹ್ನೆಯನ್ನೂ ಸರಿಯಾಗಿ ಹಾಕಿದೆ.

ಲೆಕ್ಚರರ್ ಅದನ್ನು ಒರೆಸಿ ಅವಳನ್ನು ಕರೆದರು. ಅಷ್ಟು ಜನರ ಮುಂದೆ ಅವಳು ಯಾವತ್ತೂ ನಿಂತವಳಲ್ಲ. ಮೊದಲ ವೆಕ್ಟರಿನ ಲೆಕ್ಕದಲ್ಲೇ ತಪ್ಪಿದಳು, ಒರೆಸಿದಳು, ಮತ್ತೆ ಅದನ್ನೇ ಬರೆದಳು. ಅದನ್ನೂ ಒರೆಸಿ ಸೀಮೆಸುಣ್ಣ ಕೆಳಗಿಟ್ಟಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

“ಗೊತ್ತಾಯ್ತು ಬಿಡು. ಹೊರಗೆ ನಿಂತ್ಕೊ.”

ಲೆಕ್ಚರರ್ ಮುಂದಿನ ಲೆಕ್ಕ ಶುರುಮಾಡಿದರು. ಬಾಗಿಲಾಚೆ ಅವಳ ಜಡೆಯ ತುದಿ ಮಾತ್ರ ಕಾಣುತ್ತಿತ್ತು. ಎದ್ದು ಹೇಳಬೇಕೆಂದು ಎರಡು ಸಲ ಡೆಸ್ಕಿಗೆ ಕೈಯೂರಿದೆ, ಎರಡು ಸಲವೂ ಹಾಗೇ ಕೂತೆ. ಬೋರ್ಡಿನಲ್ಲಿದ್ದುದನ್ನು ಬರೆದುಕೊಳ್ಳುತ್ತಿದ್ದೆ, ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ಬೆಲ್ಲಿಗೆ ಇನ್ನೇನು ಐದಾರು ನಿಮಿಷ ಇತ್ತು ಅನ್ನುವಾಗ ಎದ್ದೆ.

“ಸರ್, ನೋಡಿ ಬರ್ದಿದ್ದು ನಾನು. ಅವಳಲ್ಲ.”

“ಮತ್ತೆ ಬೋರ್ಡ್ ಮೇಲೆ ಹೆಂಗ್ ಮಾಡ್ದೆ?”

“ಆಮೇಲೆ ಮನೇಲಿ ಕಲ್ತೆ ಸರ್.”

ಅವರು ನನ್ನ ಹಾಳೆಯ ಮೇಲೆ ಸೊನ್ನೆ ಬರೆದರು. ಬಾಗಿಲಿಗೆ ಹೋಗಿ, “ಒಳಗ್ ಬಾಮ್ಮ, ನಂದೇ ತಪ್ಪಾಯ್ತು,” ಎಂದರು. ಅವಳು ಬಂದು ಬ್ಯಾಗು ಎತ್ತಿಕೊಂಡು ಮುಂದಿನ ಬೆಂಚಿನಲ್ಲಿ ಕೂತಳು.

ಸಂಜೆ ಬಸ್ಸಿನಲ್ಲಿ ಅವಳ ಪಕ್ಕ ಹೋಗಿ ನಿಂತು, “ಹೇಳ್ಬುಟ್ನಲ್ಲ ಕಣೆ,” ಎಂದೆ.

ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. “ಹೇಳ್ದೆ. ಅರ್ಧ ಗಂಟೆ ಆದ್ಮೇಲೆ.”

ವರ್ಷಪೂರ್ತಿ ಅವಳು ಆ ಮುಂದಿನ ಬೆಂಚು ಬಿಡಲಿಲ್ಲ. ಪರೀಕ್ಷೆಗೆ ಮುಂಚೆ ಒಂದು ಲೆಕ್ಕ ಬಾರದೆ ಅವಳ ಹತ್ತಿರ ಹೋದೆ. ಹೇಳಿಕೊಟ್ಟಳು, ಸಾವಕಾಶವಾಗಿ, ಎರಡು ಸಲ. ಬೇರೆ ಮಾತು ಆಡಲಿಲ್ಲ.