ಬೀಗರು ಕೊಟ್ಟ ಜೋಡಿ

ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಸ್ಥಳ, ಪುಣೆ ಜಿಲ್ಲೆಯ ದೌಂಡದ ಹೊರಗಿನ ಒಂದು ಇಟ್ಟಿಗೆ ಭಟ್ಟಿ. ಹಾಜರಿದ್ದವರು ಉಪವಿಭಾಗಾಧಿಕಾರಿ, ಇಬ್ಬರು ಪೊಲೀಸರು, ಭಟ್ಟಿಯ ಮಾಲೀಕ ಮತ್ತು ನಾನು. ಆಗ ನಾನು ಪುಣೆಯಲ್ಲಿ ಕಾರ್ಮಿಕ ಅಧಿಕಾರಿ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಯಾದಗಿರಿ ಕಡೆಯ ಕೂಲಿಕಾರರ ದೂರು ಬಂದರೆ ಕನ್ನಡ ಬಲ್ಲವನೆಂದು ನನ್ನನ್ನೇ ಕಳಿಸುತ್ತಿದ್ದರು.

ದೂರು ಕೊಟ್ಟವಳು ಶಾಂತವ್ವ. ಊರಲ್ಲಿ ಮಗಳಿಗೆ ಚೊಚ್ಚಲ ಹೆರಿಗೆಯ ದಿನ ತುಂಬಿದ್ದವು. ಶಾಂತವ್ವನನ್ನೂ ಗಂಡ ಭೀಮಪ್ಪನನ್ನೂ ಮಾಲೀಕ ಊರಿಗೆ ಬಿಡುತ್ತಿರಲಿಲ್ಲ. ಇದು ಜೀತವೆಂದು ಸಾಬೀತಾದರೆ ಉಪವಿಭಾಗಾಧಿಕಾರಿ ಬಿಡುಗಡೆ ಪತ್ರ ಕೊಡುತ್ತಾರೆ. ಆಮೇಲೆ ಯಾರೂ ತಡೆಯುವಂತಿಲ್ಲ.

ವಿಚಾರಣೆಯ ನಮೂನೆಯಲ್ಲಿದ್ದ ಕ್ರಮದಲ್ಲೇ ಶಾಂತವ್ವನನ್ನು ಕೇಳಿದೆ.

"ಕೂಡಿಹಾಕ್ತಾರೇನವ್ವ?"

"ಇಲ್ರಿ."

"ಹೊಡದಾರೇನು?"

"ಸುಳ್ಳ ಯಾಕ ಹೇಳ್ಲಿರಿ? ಹಬ್ಬಕ್ಕ ಸೀರಿ ಕೊಟ್ಟಾರ."

ಪಕ್ಕದಲ್ಲಿದ್ದ ಭೀಮಪ್ಪ ಗದರಿದ. "ನಿನ್ನ ಸೀರಿ ಸುಡ್ಲಿ, ಅದನ್ನ್ಯಾಕ ಹೇಳ್ದಿ!"

ಎರಡೂ ಕಡೆ 'ಇಲ್ಲ' ಎಂದು ಬರೆದೆ. ಹಾಗೆ ಬರೆದರೆ ದೂರು ಅಲ್ಲಿಗೇ ವಜಾ. ಬಿಸಿಲೇರಿತ್ತು, ಸೊಂಟ ನೋಯುತ್ತಿತ್ತು, ಮುಗಿದರೆ ಸಾಕೆನಿಸಿತ್ತು. ತಪ್ಪು ನನ್ನದೇ.

ಸಹಿಗೆ ಮುಂಚೆ, ಬರೀ ರೂಢಿಯಿಂದ, ಇವರು ಇಲ್ಲಿಗೆ ಬಂದದ್ದು ಹೇಗೆಂದು ಮಾಲೀಕನನ್ನು ಕೇಳಿದೆ. ಅವನು ಚಹಾ ಹೀರುತ್ತ ಮರಾಠಿಯಲ್ಲಿ ಹೇಳಿದ:

"ಬೀಗರದೂ ಭಟ್ಟಿ ಇದೆ ಸಾಹೇಬ್. ಮುಂಗಡ ಕೊಟ್ಟು ಇವರನ್ನು ಕರೆತಂದವರು ಅವರೇ. ನನ್ನ ಮಗನ ಮದುವೆಯಲ್ಲಿ ಫ್ರಿಜ್ ಕೊಟ್ಟರು, ಪಲಂಗ ಕೊಟ್ಟರು, ಈ ಜೋಡಿ ಕೊಟ್ಟರು."

ಉಪವಿಭಾಗಾಧಿಕಾರಿ ಪೆನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳಿ ಎಂದರು. ಅವನು ಇನ್ನೊಮ್ಮೆ ಹೇಳಿದ.

ನಾನು ಶಾಂತವ್ವನತ್ತ ತಿರುಗಿದೆ. "ಕಳಿಸುವಾಗ ನಿಮ್ಮನ್ನ ಕೇಳಿದ್ರೇನು?"

"ಪಲಂಗನ್ನ ಕೇಳ್ತಾರೇನ್ರಿ?"

ಹೊಸ ಹಾಳೆ ತೆಗೆದೆ. ಅಷ್ಟು ವರ್ಷ ನಾನು ಬಾಗಿಲಿನ ಬೀಗ, ಮೈಮೇಲಿನ ಬಾಸುಂಡೆ ಹುಡುಕಿದವನು. ಹಿಂದಿನ ದಾನಪತ್ರಗಳಲ್ಲಿ ಹೊಲ, ದನಗಳ ಸಾಲಿನಲ್ಲೇ ಆಳುಗಳನ್ನೂ ಬರೆಯುತ್ತಿದ್ದರೆಂದು ಓದಿದ್ದೆ. ಅದು ಮುಗಿದ ಕಾಲವೆಂದುಕೊಂಡಿದ್ದೆ. ಒಬ್ಬರನ್ನು ಇನ್ನೊಬ್ಬರು ಕೊಡಬಹುದಾದರೆ ಅವರನ್ನು ಹೊಡೆಯುವ ಅಗತ್ಯವೇ ಬೀಳುವುದಿಲ್ಲ. ಕೆಲಸ ನನಗೆ ಇದನ್ನು ಕಲಿಸಿತು, ತಡವಾಗಿ.

ಮೂರು ಗಂಟೆಗೆ ಬಿಡುಗಡೆ ಪತ್ರಕ್ಕೆ ಸಹಿಯಾಯಿತು. ಐದಕ್ಕೆ ದೌಂಡ ಸ್ಟೇಷನ್ನಿನಲ್ಲಿದ್ದೆವು. ಶಾಂತವ್ವ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು, "ಇದನ್ನ ಯಾರಿಗೆ ಒಪ್ಪಿಸಬೇಕ್ರಿ? ಇನ್ನ ಮುಂದ ನಮ್ಮ ಧಣಿ ಯಾರ್ರಿ?"

"ಯಾರೂ ಇಲ್ಲವ್ವ. ನಿನ್ನ ಹತ್ರಾನ ಇಟ್ಕೊ."

ನಂಬಿದಂತೆ ಕಾಣಲಿಲ್ಲ. ಗಂಡನ ಮುಖ ನೋಡಿದಳು, ಅವನು ನನ್ನ ಮುಖ ನೋಡಿದ. ರೈಲು ಬಂತು. ಇಬ್ಬರನ್ನೂ ಹತ್ತಿಸಿ, ಸೀಟು ತೋರಿಸಿ, ಕೆಳಗಿಳಿದೆ.