ಉಣ್ಣೆ ಸಾಯುವ ಚಳಿ

ನಮ್ಮ ಮನೆಯಲ್ಲಿ ಹಸುಗಳಿಗೆ ಉಣ್ಣೆ ಔಷಧಿ ಹೊಡೆಯುವುದಕ್ಕೆ ಒಂದು ಕ್ರಮ ಇತ್ತು. ಯುಗಾದಿ ಆದ ಮೇಲೆ ಶುರು, ದೀಪಾವಳಿಗೆ ನಿಲ್ಲಿಸುವುದು. ಆಮೇಲೆ ಬೀಳುವ ಚಳಿಗೆ ಮೈಗೆ ಕಚ್ಚಿ ರಕ್ತ ಹೀರುವ ಈ ಹುಳ ತಾನಾಗಿ ಉದುರಿ ಸಾಯುತ್ತವೆ. ಉಳಿದವು ಸಂಕ್ರಾಂತಿ ಸಂಜೆ ಕಿಚ್ಚು ಹಾಯಿಸುವಾಗ ಬೆಂಕಿಯ ಝಳಕ್ಕೆ ಹೋಗುತ್ತವೆ. ಇದು ತಾತ ಹೇಳಿದ್ದು. ತಾತನಿಗೆ ಅವನಪ್ಪ ಹೇಳಿದ್ದು. ಚಳಿಗಾಲದಲ್ಲಿ ಹಸುವಿನ ಮೈ ಒದ್ದೆ ಮಾಡಿದರೆ ಶೀತ ಹತ್ತಿ ಹಾಲು ಇಳಿಯುತ್ತದೆ ಅನ್ನುವುದೂ ಇದರ ಜೊತೆಗೇ ಬಂದಿತ್ತು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹಸುವಿನ ಬಗ್ಗೆ ಗೊತ್ತಿರುವುದೆಲ್ಲ ಮನೆಯಲ್ಲೇ ಕಲಿತದ್ದು. ಅದರಲ್ಲಿ ತಪ್ಪಿರಬಹುದು ಅಂತ ಯಾವತ್ತೂ ಅನ್ನಿಸಿರಲಿಲ್ಲ.

ನಮ್ಮೂರು ಸೂಲಿಬೆಲೆ ಹತ್ತಿರ. ಮನೆಯಲ್ಲಿ ತಾತ, ಅವ್ವ, ನಾನು. ಕೊಟ್ಟಿಗೆಯಲ್ಲಿ ಒಂದು ಸೀಮೆ ಹಸು, ಅದರ ಮಗಳು, ಇನ್ನೂ ಗಬ್ಬವಾಗದ ಒಂದು ಕಡಸು. ಆ ಹಸು ಹುಟ್ಟಿದ ವಾರಕ್ಕೇ ಅದರ ತಾಯಿ ಸತ್ತಿತ್ತು. ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದಳು. ನನ್ನನ್ನು ಲೇ ಅಂತ ಕೂಗುವವಳು ಹಸುವನ್ನು ಅಮ್ಮಣ್ಣಿ ಅನ್ನುತ್ತಿದ್ದಳು. ಹೋದ ದೀಪಾವಳಿಗೆ ಅದಕ್ಕೆ ಆರು ತಿಂಗಳ ಗಬ್ಬ. ಸಂಕ್ರಾಂತಿ ಕಳೆದ ಮೇಲೆ ಈಯಬೇಕಿತ್ತು. ಈ ಸಲವೂ ಹೆಣ್ಣುಕರು ಅಂತ ಅವ್ವ ಆಗಲೇ ಹೇಳಿಕೊಂಡು ಓಡಾಡುತ್ತಿದ್ದಳು.

ದೀಪಾವಳಿ ಆಗಿ ತಿಂಗಳಾಯಿತು, ಚಳಿ ಬರಲಿಲ್ಲ. ಚಳಿ ಬರಬೇಕಾದಾಗ ಸೈಕ್ಲೋನ್ ಮಳೆ ಬಂತು. ಕೊಯ್ದ ರಾಗಿ ಹೊಲದಲ್ಲೇ ನೆನೆಯಿತು. ಮಳೆ ನಿಂತ ಮೇಲೆ ಸೆಕೆ. ತಾತನ ಕಂಬಳಿ ಗೂಟದಿಂದ ಇಳಿಯಲೇ ಇಲ್ಲ, ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದ. ಬದುವಿನ ಮೇಲೆ ಹುಲ್ಲು ಹಸಿರಾಗಿಯೇ ನಿಂತಿತ್ತು. ಅದು ನಮಗೆ ಖುಷಿಯೇ ಆಗಿತ್ತು, ಮೇವಿಗೆ ಅಲೆಯುವುದು ತಪ್ಪಿತಲ್ಲ ಅಂತ.

ಕಾರ್ತೀಕ ಮುಗಿದ ಮೇಲೆ ಒಂದು ದಿನ ಹಸುವಿನ ಕಿವಿ ಮಡಿಸಿ ನೋಡಿದೆ. ಉಣ್ಣೆಗಳು ಅವರೆಕಾಳಿನ ಹಾಗೆ ಊದಿಕೊಂಡು ಸಾಲಾಗಿ ಕಚ್ಚಿಕೊಂಡಿದ್ದವು. ಬಾಲದ ಕೆಳಗೆ ಇನ್ನೂ ಜಾಸ್ತಿ. ಕೈಯಲ್ಲಿ ಕಿತ್ತು ಸೀಮೆಎಣ್ಣೆ ಹಾಕಿದ ಚಿಪ್ಪಿಗೆ ಬಿಟ್ಟೆ. ಮಾರನೇ ದಿನ ನೋಡಿದರೆ ಅಷ್ಟೇ ಇದ್ದವು. ಕೊಟ್ಟಿಗೆ ಬಾಗಿಲ ಮೇಲಿನ ಗೂಡಿನಲ್ಲಿ ಔಷಧಿ ಅರ್ಧ ಬಾಟಲಿ ಉಳಿದಿತ್ತು.

"ತಾತ, ಇನ್ನೊಂದ್ ಸಲ ಹೊಡ್ದ್‌ಬಿಡ್ಲಾ?" ಅಂದೆ.

"ಚಳಿ ಬರ್ತದೆ, ತಡ್ಕೊಳ್ಳೋ. ಗಬ್ಬದ ಹಸು ಯಾಕ್ ನೆನೆಸ್ತೀಯಾ," ಅಂದ.

ತಾತನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ನನಗೂ ಅದೇ ಬೇಕಿತ್ತು. ನೆಂದ ರಾಗಿ ಒಣಗಿಸಿ ಒಣಗಿಸಿ ಸಾಕಾಗಿತ್ತು. ಡೈರಿಗೆ ಹಾಲು ಹಾಕುವಾಗ ಪಕ್ಕದ ಮನೆಯವನು, "ಏನ್ ಗುರು, ನಿಮ್ ಹಸುಗೆ ಕಿವಿ ತುಂಬಾ ಓಲೆ ಹಾಕ್ಸಿದ್ದೀಯಂತೆ," ಅಂದ. ನಿಮ್ಮ ಹಸುವಿಗೂ ಹಾಕಿಸೋಣ ಬಾ ಅಂದೆ. ಇಬ್ಬರೂ ನಕ್ಕೆವು. ಅವನ ಹಸುವಿಗೂ ಇದ್ದವು. ಎಲ್ಲರ ಹಸುವಿಗೂ ಇದ್ದವು. ಎಲ್ಲರೂ ಚಳಿಗೆ ಕಾಯುತ್ತಿದ್ದರು.

ಸಂಕ್ರಾಂತಿಗೆ ಹತ್ತು ದಿನ ಇರುವಾಗ ಹಸು ಮೇವು ಬಿಟ್ಟಿತು. ಅಷ್ಟರಲ್ಲಿ ಹಾಲು ಬತ್ತಿಸಿದ್ದೆವು, ಹಾಗಾಗಿ ಹಾಲು ಕಡಿಮೆಯಾಗಿದ್ದೂ ಗೊತ್ತಾಗುವ ಹಾಗಿರಲಿಲ್ಲ. ಈಯುವುದು ಹತ್ತಿರ ಬಂತು, ಅದಕ್ಕೇ ಸಂಕಟ ಅಂದಳು ಅವ್ವ. ಮಾರನೇ ದಿನ ಮುಂಗಾಲಿನ ಮೇಲೆ, ಭುಜದ ಮುಂದೆ, ಮೂಸಂಬಿ ಗಾತ್ರದ ಗಂಟು. ಮೇವಿನ ಗೋದಲಿಗೆ ತಗುಲಿಸಿಕೊಂಡಿದೆ ಅಂದುಕೊಂಡೆವು. ಅವ್ವ ಅರಿಶಿನ ಕಲಸಿದ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿದಳು. ಎರಡು ದಿನ ತಿಕ್ಕಿದಳು. ಆ ಎರಡು ದಿನ ಹೋಯಿತು.

ಮೂರನೇ ದಿನ ದನದ ಡಾಕ್ಟರು ಬಂದರು. ಜ್ವರ ನೋಡಿದರು, ಗಂಟು ಒತ್ತಿದರು, ಕಣ್ಣಿನ ರೆಪ್ಪೆ ಎಳೆದು ತೋರಿಸಿದರು. ಒಳಗೆ ಕೆಂಪೇ ಇರಲಿಲ್ಲ, ಬಿಳಿ ಕಾಗದದ ಹಾಗಿತ್ತು. ಉಣ್ಣೆಯಿಂದ ಬರುವ ಜ್ವರ, ರಕ್ತವನ್ನೇ ತಿನ್ನುತ್ತದೆ ಅಂದರು. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿಕೊಂಡರು. ಕಡೇ ಸಲ ಔಷಧಿ ಹೊಡೆದದ್ದು ಯಾವಾಗ ಅಂತ ಕೇಳಿದರು. ದೀಪಾವಳಿಗೆ ಅಂದೆ. ಯಾಕೆ ನಿಲ್ಲಿಸಿದೆ ಅಂದರು.

"ಚಳಿಗೆ ಸಾಯ್ತವೆ ಅಂತ ಸಾರ್."

"ಯಾವ್ ಚಳಿನಪ್ಪಾ? ನಾನೇ ಈ ವರ್ಷ ಸ್ವೆಟರ್ ಮುಟ್ಟಿಲ್ಲ."

ತಾತ ಜಗಲಿಯ ಮೇಲೆ ಕೂತು ನೆಲ ನೋಡುತ್ತಿದ್ದ. ಮೊದಲೆಲ್ಲ ಈ ತಿಂಗಳಲ್ಲಿ ಈ ಜ್ವರ ನೋಡುತ್ತಿದ್ದದ್ದು ಅಪರೂಪ, ಈಗ ವರ್ಷ ಪೂರ್ತಿ ಇದೇ ಕೆಲಸ ಅಂದರು ಡಾಕ್ಟರು. ಹಸುವಿನ ಮೇಲಿರುವುದು ಸ್ವಲ್ಪ, ಉಳಿದದ್ದೆಲ್ಲ ಗೋಡೆ ಸಂದಿನಲ್ಲಿ ಇರುತ್ತವೆ, ಅಲ್ಲಿಗೂ ಹೊಡಿ ಅಂದರು. ಇಂಜೆಕ್ಷನ್ ಕೊಟ್ಟು ಗಾಡಿ ಹತ್ತಿದರು. ಅವರಿಗೆ ಇನ್ನೂ ಮೂರು ಊರಿತ್ತು.

"ಬದುಕ್ತದಾ ಸಾಮಿ?" ಅಂದಳು ಅವ್ವ.

"ನೀರ್ ಕುಡಿಸ್ತಾ ಇರಿ ತಾಯಿ," ಅಂದರು.

ಅವ್ವ ಬಕೆಟ್ಟು ತೆಗೆದುಕೊಂಡು ನೀರಿಗೆ ಹೋದಳು.

ಅವರು ಹೋದ ತಕ್ಷಣ ಗೂಡಿನಿಂದ ಬಾಟಲಿ ಇಳಿಸಿದೆ. ಹಸುವಿಗೆ ಹೊಡೆದೆ, ಕಡಸಿಗೆ ಹೊಡೆದೆ. ನೆನೆದರೆ ಶೀತ ಅಂತ ಈಗ ಯಾರೂ ಅನ್ನಲಿಲ್ಲ. ನಮ್ಮ ಕೊಟ್ಟಿಗೆಯದು ಹಳೇ ಮಣ್ಣು ಕಲ್ಲಿನ ಗೋಡೆ, ತುಂಬ ಬಿರುಕು. ಎರಡು ಗೋಡೆಗೆ ಔಷಧಿ ಮುಗಿಯಿತು. ಹಿಂದಿನ ಗೋಡೆಗೆ ಬರೀ ಬಾಟಲಿ ತೊಳೆದ ನೀರು ಬಿತ್ತು.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಇದ್ದದ್ದನ್ನು ಮಾಡಿದೆವು. ಬೆಲ್ಲದ ನೀರು ಕುಡಿಸಿದೆವು, ರಾಗಿ ಅಂಬಲಿ ಕುಡಿಸಿದೆವು. ಅರ್ಧ ಒಳಗೆ, ಅರ್ಧ ನೆಲಕ್ಕೆ. ಡಾಕ್ಟರು ಇನ್ನೊಂದು ಸಲ ಬಂದು ಇಂಜೆಕ್ಷನ್ ಕೊಟ್ಟು ಹೋದರು. ಹಸು ಮಲಗಿದ್ದು ಏಳಲಿಲ್ಲ. ಪಕ್ಕದ ಮನೆಯವನೂ ನಾನೂ ಗೋಣಿಚೀಲ ತುರುಕಿ ಮಗ್ಗುಲು ಬದಲಾಯಿಸುತ್ತಿದ್ದೆವು. ಅವನು ಈಗ ತಮಾಷೆ ಮಾಡುತ್ತಿರಲಿಲ್ಲ. ಅವ್ವ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ನೊಣ ಓಡಿಸುತ್ತಾ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಕರು ಬಿತ್ತು. ಜೀವ ಇರಲಿಲ್ಲ. ಹೆಣ್ಣುಕರುವೇ. ಮಾರನೇ ದಿನ ಮಧ್ಯಾಹ್ನ ಹಸುವೂ ಹೋಯಿತು. ಜೆಸಿಬಿ ಕರೆಸಿ ಹೊಲದ ಮೂಲೆಯಲ್ಲಿ ಗುಂಡಿ ತೆಗೆಸಿದೆ. ಗುಂಡಿಗೆ ಇಳಿಸುವ ಮುಂಚೆ ಅವ್ವ ಕುತ್ತಿಗೆಯ ಹಗ್ಗ, ಗಂಟೆ ಬಿಚ್ಚಿಕೊಂಡಳು. ಆ ಹಗ್ಗವನ್ನೇ ಕಡಸಿಗೆ ಕಟ್ಟಲು ಹೋದೆ. ಬೇಡ, ಹೊಸದು ತಾ ಅಂದಳು.

ಎರಡು ದಿನಕ್ಕೆ ಸಂಕ್ರಾಂತಿ. ನಮ್ಮ ಮನೆಯಲ್ಲಿ ಹಬ್ಬ ಇಲ್ಲ ಅಂದುಕೊಂಡಿದ್ದೆ. ಸಂಜೆ ಬೀದಿಯಲ್ಲಿ ಹುಲ್ಲು ಹರಡಿ ಬೆಂಕಿ ಹಾಕುತ್ತಿದ್ದರು. ಅವ್ವ ಕಡಸಿನ ಹಗ್ಗ ತಂದು ನನ್ನ ಕೈಗೆ ಕೊಟ್ಟಳು.

"ಕಿಚ್ಚು ಹಾಯಿಸ್ಕೊಂಡ್ ಬಾರ್ಲಾ. ಇದಾದ್ರೂ ಉಳೀಲಿ."

ನಾನು ತಾತನ ಕಡೆ ನೋಡಿದೆ.

"ನನ್ನ ಕೇಳ್ಬೇಡ ಕಣಪ್ಪಾ," ಅಂದ ತಾತ. "ನಂಗೊತ್ತಿದ್ದಿದ್ದೆಲ್ಲ ಆ ಕಾಲಕ್ಕೆ ಆಯ್ತು."

ಕಡಸನ್ನು ಹಿಡಿದುಕೊಂಡು ಓಡಿದೆ. ಮೊದಲು ಬೆಚ್ಚಿತು, ಆಮೇಲೆ ಹಾರಿತು. ಹೊಟ್ಟೆಯ ಕೂದಲು ಸ್ವಲ್ಪ ಸುಟ್ಟು ವಾಸನೆ ಬಂತು. ಅವ್ವ ಅದರ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹತ್ತು ದಿನದಲ್ಲಿ ಅವತ್ತು ರಾತ್ರಿ ಮೊದಲ ಸಲ ಸರಿಯಾಗಿ ಊಟ ಮಾಡಿದಳು.

ಬೆಳಿಗ್ಗೆ ಸಗಣಿ ಬಾಚುವ ಮುಂಚೆ ಕಡಸಿನ ಕಿವಿ ಮಡಿಸಿದೆ. ಎರಡು ಇದ್ದವು, ಹೊಸವು, ಇನ್ನೂ ಊದಿರಲಿಲ್ಲ. ಉಗುರಿನಲ್ಲಿ ಮೀಟಿದೆ. ಕಾಲು ಆಡಿಸಿದವು. ತಿರುಗಿ ಹಿಂದಿನ ಗೋಡೆ ನೋಡಿದೆ.

ಬಾಗಿಲಲ್ಲಿ ಅವ್ವ ಬಕೆಟ್ಟು ಹಿಡಿದು ನಿಂತಿದ್ದಳು.

"ಹೋದ್ವಾ?" ಅಂದಳು.

"ಹೂಂ, ಹೋದ್ವು," ಅಂದೆ.

ಅವಳು ಒಳಗೆ ಹೋದ ಮೇಲೆ ಗಾಡಿ ತೆಗೆದುಕೊಂಡು ಔಷಧಿ ತರಲು ಸೂಲಿಬೆಲೆಗೆ ಹೋದೆ. ಹಬ್ಬದ ಮಾರನೇ ದಿನ ಅಂತ ಅಂಗಡಿ ಬಾಗಿಲು ಹಾಕಿತ್ತು. ಆಗಲೇ ಬಿಸಿಲು ಚುರುಗುಡುತ್ತಿತ್ತು. ಬಾಗಿಲು ತೆಗೆಯಬಹುದೇನೋ ಅಂತ ಮೆಟ್ಟಿಲ ಮೇಲೆ ಸುಮಾರು ಹೊತ್ತು ಕೂತಿದ್ದೆ.